ಕಾಯ್ದೆಯ ಹೆಸರು ಹೇಳಿ ಇಟ್ಟುಕೊಂಡ ಮಗಳು

ನೀಲವ್ವಾ, ನಿನ್ನ ಮಗಳು ಪವಿತ್ರಾಳನ್ನು ನಾನು ದತ್ತು ತೆಗೆದುಕೊಂಡಿಲ್ಲ. ಇಟ್ಟುಕೊಂಡಿದ್ದೇನೆ — ಸುಳ್ಳು ಹೇಳಿ, ಒಡಹುಟ್ಟಿದ ನಿನ್ನನ್ನೇ ಹೆದರಿಸಿ.

ನಿನ್ನ ಗಂಡ ತೀರಿಕೊಂಡ ವರ್ಷ ನೀನು ಅಗಡಿಯಲ್ಲಿ ಹಾಸಿಗೆ ಹಿಡಿದಿದ್ದೆ. "ನನಗ ಆರಾಮ ಆಗೋತನಕ ನೋಡ್ಕೋರಿ ಅಣ್ಣಾ" ಎಂದು ಕೂಸನ್ನು ನನ್ನ ಹೆಂಡತಿಯ, ನಿನ್ನ ವೈನಿಯ ಉಡಿಯಲ್ಲಿ ಹಾಕಿದೆ. ನೀನು ಅಂದದ್ದು ಅಷ್ಟೇ. ಮಕ್ಕಳಿಲ್ಲದ ನಮಗೆ ಅಷ್ಟು ಸಾಲಲಿಲ್ಲ.

ರಾಣೆಬೆನ್ನೂರಿನ ವಕೀಲರೊಬ್ಬರ ಬಳಿ ಹೋದೆ. ಏಳನೆಯ ತರಗತಿಗೇ ಶಾಲೆ ಬಿಟ್ಟು, ವೆಲ್ಡಿಂಗ್ ಕಲಿತು, ಟ್ರೇಲರ್ ಕಟ್ಟುವ ಸ್ವಂತ ಶೆಡ್ ಹಾಕಿದವನು ನಾನು — ಫೀಸು ಎಷ್ಟಾದರೂ ಕೊಡುತ್ತೇನೆಂದು ಎದೆ ಸೆಟೆಸಿ ಕುಳಿತೆ. ಅವರು ನಕ್ಕರು.

"ಖರ್ಚು ಭಾಳಿಲ್ಲೋ ಮಾರಾಯಾ. ಹಡೆದಾಕಿನ್ನ ಕರ್ಕೊಂಬಾ. ರಿಜಿಸ್ಟ್ರಾರ್ ಮುಂದ ಆಕಿ ತನ್ನ ಬಾಯಿಲೇ 'ಕೊಟ್ಟೇನಿ' ಅನಬೇಕು."

ನೀನು ಅನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಮನೆಗೆ ಬಂದು, ಖರ್ಚು ಬಹಳವಾಯಿತು, ಆದರೂ ಎಲ್ಲ ಮುಗಿಸಿದೆ ಎಂದೆ. ನಿನ್ನ ವೈನಿ ನಂಬಿದಳು.

ಮರುವರ್ಷ ನೀನು ಗುಣವಾಗಿ, ಹೊಸ ಕುಲಾವಿ ಹೊಲಿದು ತಂದು ಕೂಸನ್ನು ಕರೆದೊಯ್ಯಲು ಬಂದೆ. ನಾನು ನಿನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಹೇಳಿದೆ —

"ಕಾಯ್ದೆ ಪ್ರಕಾರ ಎಲ್ಲಾ ಆಗೇತಿ. ಇನ್ನ ನೀ ಕರ್ಕೊಂಡು ಹೋದ್ರ ಪೊಲೀಸ್ರು ಬರ್ತಾರ."

ನೀನು ಕುಲಾವಿಯನ್ನು ಕಟ್ಟೆಯ ಮೇಲಿಟ್ಟು ಹೋದೆ. ಆಮೇಲೆ ಬಂದಾಗಲೆಲ್ಲ, ಕೂಸು ತಾನೇ ಓಡಿ ಬಂದರೂ, ಕೈ ಹಿಂದೆ ಕಟ್ಟಿಕೊಂಡು ಕೇಳುತ್ತಿದ್ದೆ: "ಎತ್ಕೋಬಹುದೇನಣ್ಣಾ? ಕಾಯ್ದೆದಾಗ ಐತೇನು?" ನಾನು ದೊಡ್ಡ ಮನಸ್ಸಿನವನ ಹಾಗೆ, "ಎತ್ಕೋ" ಎನ್ನುತ್ತಿದ್ದೆ.

ಹದಿನೈದು ತುಂಬಿದರೆ ದತ್ತು ಆಗುವುದಿಲ್ಲವಂತೆ. ಪವಿತ್ರಾಳಿಗೆ ಬರುವ ತಿಂಗಳು ತುಂಬುತ್ತದೆ. ಅದಕ್ಕೇ ನಾಳೆ ರಿಜಿಸ್ಟ್ರಾರ್ ಆಫೀಸಿಗೆ ಬಾ ಎಂದು ನಿನಗೆ ಹೇಳಿ ಕಳಿಸಿದ್ದೇನೆ — ಹಳೆಯ ಕಾಗದಕ್ಕೆ ನಿನ್ನದೊಂದು ಸಹಿ ಬೇಕೆಂದು, ಮತ್ತೆ ಸುಳ್ಳು ಹೇಳಿ. ಹಳೆಯ ಕಾಗದ ಎಂಬುದೇ ಇಲ್ಲ. ಈ ವಾರ ನನ್ನ ಕೈಯ ಬೆಸುಗೆ ಒಂದೂ ನೆಟ್ಟಗೆ ಬಂದಿಲ್ಲ.

ನಿನ್ನೆ ಪವಿತ್ರಾ ಕೇಳಿದಳು: "ಅಪ್ಪಾ, ಅಗಡಿ ಅತ್ತಿ ನಮ್ಮನಿಗೆ ಬಂದ್ರ ಯಾಕ ಬಾಗಿಲಾ ನೋಡ್ಕೋಂತ ಕುಂದರ್ತಾಳ? ಯಾರ ಬರೋರು ಅದಾರ?"

ಯಾರು ಬರುವವರು ಎಂದು ನನಗೆ ಗೊತ್ತು. ಆ ಪೊಲೀಸರನ್ನು ಬಾಗಿಲಲ್ಲಿ ನಿಲ್ಲಿಸಿದವನು ನಾನೇ.

ಇದನ್ನು ಬರೆದುಕೊಂಡದ್ದು, ನಿನ್ನ ಎದುರು ನಿಂತಾಗ ನಾನು ಮಾತು ತಿರುಗಿಸಬಾರದು ಎಂದು. ಈಗಲೇ ಅಗಡಿಗೆ ಹೊರಟಿದ್ದೇನೆ. ಓದಿ ಹೇಳುತ್ತೇನೆ, ಹಿಂತಿರುಗಿ ಪವಿತ್ರಾಳಿಗೂ ಓದುತ್ತೇನೆ. ನಾಳೆ ರಿಜಿಸ್ಟ್ರಾರ್ ಮುಂದೆ ಹೋಗುವುದೋ ಬಿಡುವುದೋ, ನೀವಿಬ್ಬರೇ ಹೇಳಬೇಕು.

ಮಗಳು ನಿನ್ನ ಮನೆಗೇ ಬಂದರೂ — ಎತ್ತಿಕೊಳ್ಳುವ ವಯಸ್ಸು ಅವಳಿಗೆ ಮುಗಿದುಹೋಯಿತು, ನೀಲವ್ವಾ.