ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಈ ವರ್ಷವೂ ಮಗಳು ಅಬುಧಾಬಿಯಿಂದ ಖರ್ಜೂರದ ಪೊಟ್ಟಣ ಕಳಿಸಿದಳು. ಖರ್ಜೂರದ ಗರಿಯಲ್ಲೇ ಕಟ್ಟಿತ್ತು. ಗಂಟು ಬಿಚ್ಚಲಾಗದೆ ಕತ್ತಿಯಲ್ಲಿ ಕೊಯ್ದೆ. ಆಗಲೇ ಆ ಮುದುಕಿಯ ನೆನಪಾಯಿತು. ಅವಳು ಕಟ್ಟಿದ್ದಾದರೆ ಒಂದೇ ಎಳೆತಕ್ಕೆ ಬಿಚ್ಚುತ್ತಿತ್ತು…

ಮೊಮ್ಮಗುವನ್ನು ನೋಡಿಕೊಳ್ಳಲು ನಾನು ಅಲ್ಲಿಗೆ ಹೋಗಿದ್ದೆ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮಗಳ ಮನೆ. ಆಚೆಮನೆಯಲ್ಲಿ ಅರಬಿ ಮುದುಕಿ. ನಾನೂ ಮುದುಕಿಯೇ, ಅವಳು ನನಗಿಂತ ದೊಡ್ಡವಳು. ನಾನು ಐದನೆಯ ಕ್ಲಾಸು, ಅವಳು ಶಾಲೆಯನ್ನೇ ಕಂಡವಳಲ್ಲ. ಇಬ್ಬರದ್ದೂ ಮುರುಕು ಹಿಂದಿ. ಜಗಳವಾಡಲಿಕ್ಕೂ ಅದು ಸಾಕಾಗುತ್ತಿತ್ತು.

ಊರಾಚೆ ಅವಳ ಅಪ್ಪನ ಕಾಲದ ಖರ್ಜೂರದ ತೋಟವಿತ್ತು. ಆ ಜಾತಿಯ ಹಣ್ಣು ಅಂಗಡಿಯಲ್ಲಿ ಸಿಗುವುದಿಲ್ಲವಂತೆ. ನೋಡುವವರಿಲ್ಲದೆ ಒಣಗರಿ ಜೋತುಬಿದ್ದು, ಫಸಲು ನಿಂತಿತ್ತು. ಮರ ಕಿತ್ತು ಬಂಗಲೆ ಕಟ್ಟುತ್ತೇವೆ ಎಂದು ಗಂಡುಮಕ್ಕಳು ಹೊರಟಿದ್ದರು. ಈ ಬೇಸಗೆ ಹಣ್ಣಾಗದಿದ್ದರೆ ಕೀಳಿ, ಅಲ್ಲಿವರೆಗೆ ಮುಟ್ಟಬೇಡಿ ಎಂದು ಅವಳು ಹಟ ಹಿಡಿದಿದ್ದಳು. ನಾನು ಅಳಿಯನಿಗೆ ಹೇಳಿದೆ, ಅವನು ಚರ್ಚಿನವರಿಗೂ ಆಫೀಸಿನವರಿಗೂ ಹೇಳಿದ. ಶುಕ್ರವಾರ ಬಂತೆಂದರೆ ನಮ್ಮ ಮಂಗಳೂರು, ಉಡುಪಿ ಕಡೆಯವರು ಕಾರು ತುಂಬ ಬರುತ್ತಿದ್ದರು. ಟೈ ಕಟ್ಟುವವರೆಲ್ಲ ಪಿಕಾಸು ಹಿಡಿದದ್ದನ್ನು ನೋಡಿ ನಕ್ಕು ನಕ್ಕು ಹೊಟ್ಟೆನೋವು ನಮಗೆ.

ಅಳಿಯನ ಗೆಳೆಯ ಬ್ಯಾರಿಯೊಬ್ಬ ಊರಲ್ಲಿ ತೆಂಗಿನ ಮರ ಹತ್ತಿ ಬೆಳೆದವನು. ಖರ್ಜೂರವನ್ನೂ ಹಾಗೇ ಸವರಿ ಜಂಬದಿಂದ ಇಳಿದ.

"ಮೂಲೆಯ ಮರ ಬರೀ ಗೊಡ್ಡು, ಬಾಯಮ್ಮ. ಹೊಂಬಾಳೆ ಎಲ್ಲ ಕಡಿದು ಬಿಸಾಡಿದೆ," ಎಂದ ನನಗೆ.

ಮುದುಕಿ ಕಾಫಿ ಹಿಡಿದು ಬಂದವಳು ತಲೆಯೆತ್ತಿ ನೋಡಿದಳು. ಅದು ಗಂಡು ಮರ, ತೋಟಕ್ಕೆಲ್ಲ ಅದೊಂದೇ ಎಂದು ಹೇಳಿ ಮರಳಿನ ಮೇಲೆ ಕುಳಿತುಬಿಟ್ಟಳು. ಗಂಡಿನ ಹೂವನ್ನು ಹೆಣ್ಣಿನ ಹೂವಿಗೆ ಕೈಯಾರೆ ಕಟ್ಟದಿದ್ದರೆ ಹಣ್ಣಿಲ್ಲವಂತೆ. ತೆಂಗು ಕಂಡ ನಮಗೆ ಅದೆಲ್ಲಿ ಗೊತ್ತು? ಬ್ಯಾರಿಯ ಮುಖ ಸುಣ್ಣ ಬಳಿದಂತಾಯಿತು.

ಸ್ವಲ್ಪ ಹೊತ್ತಿಗೆ ಅವಳೇ ಎದ್ದು ಕಸದ ರಾಶಿ ಕೆದಕಿದಳು. ಬಾಯಿ ಬಿಡದ ಹೊಂಬಾಳೆಯೊಂದನ್ನು ಕಿವಿಯ ಹತ್ತಿರ ಹಿಡಿದು ಅದುಮಿದಳು. ಕರಕರ ಎಂದಿತು. ಆಗ ಅವಳು ನಕ್ಕ ನಗು… ಸರಿಯಾಗಿ ಬಲಿತಿದೆ, ಹೇಗೂ ಇಳಿಸಲೇಬೇಕಿತ್ತು, ಹತ್ತುವ ಕೆಲಸ ಖಲಾಸ್ ಎಂದಳು. ಸೀಳಿದಾಗ ಅಕ್ಕಿಹಿಟ್ಟಿನಂಥ ಹುಡಿ ಹಾರಿ ಬ್ಯಾರಿ ಸೀನಿದ್ದೇ ಸೀನಿದ್ದು.

ಕಟ್ಟಲು ನಾನು ಮುಂದೆ ಬಂದೆ. ಶಂಕರಪುರದ ಮಲ್ಲಿಗೆ ಕಟ್ಟಿ ಮಕ್ಕಳನ್ನು ಸಾಕಿದವಳು ನಾನು. ಗಿಡ್ಡ ಮರವೊಂದರ ಹೆಣ್ಣು ಹೂವಿನ ನಡುವೆ ಗಂಡಿನ ಎಳೆ ಸಿಕ್ಕಿಸಿ, ಗರಿಯ ಸೀಳಿನಿಂದ ಬಿಗಿದೆ. ಅವಳು ಕೈಗೆ ಪಟ್ಟೆಂದು ಹೊಡೆದಳು.

"ಬಸುರಿಯ ಹೊಟ್ಟೆಗೆ ಹೀಗೆ ಬಿಗಿಯುತ್ತಾರಾ? ಬೆಳೆಯಲಿಕ್ಕೆ ಜಾಗ ಬೇಡವಾ?"

"ಮೂರು ಹೆತ್ತವಳು ನಾನು," ಎಂದೆ.

"ನಾನು ಏಳು," ಎಂದಳು.

ಬಿಗಿದದ್ದನ್ನು ಬಿಚ್ಚಿ ಅವಳ ಗಂಟು ಕಲಿತೆ. ಗೊನೆ ಉಬ್ಬಿದ ಹಾಗೆ ತಾನೇ ಸಡಿಲವಾಗುವ, ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವ ಗಂಟು ಅದು.

ಬೇಸಗೆಯಲ್ಲಿ ಗೊನೆಗಳು ಜೋತು ಹಣ್ಣಾದವು. ಆ ಬಿಸಿಲಿನಲ್ಲೂ ನಮ್ಮವರು ಒಬ್ಬರೂ ಶುಕ್ರವಾರ ತಪ್ಪಿಸಲಿಲ್ಲ. ಬಂಗಲೆಯ ಮಾತೆತ್ತಿದ ಹಿರಿಮಗನ ಬಾಯಿಗೆ ಅವಳು ಹಣ್ಣು ತುರುಕಿದಳು. ಅವನು ಅಗಿದು ಇನ್ನೊಂದಕ್ಕೆ ಕೈ ಚಾಚಿದ. ಬಂಗಲೆಯ ಮಾತು ಅಲ್ಲಿಗೆ ಮುಗಿಯಿತು.

ನಾನು ಊರಿಗೆ ಬಂದ ಮೇಲೂ ವರ್ಷ ವರ್ಷ ಪೊಟ್ಟಣ ಬರುತ್ತಿತ್ತು, ಅವಳದೇ ಗಂಟಿನಲ್ಲಿ. ಕಳೆದ ಚಳಿಗಾಲದಲ್ಲಿ ಅವಳು ತೀರಿಹೋದಳು. ಈಗ ಕೊಯ್ದ ಪೊಟ್ಟಣದ ಮುಂದೆ ಕುಳಿತು ನಾನು ಅಳಲಿಲ್ಲ, ಹಣ್ಣು ತಿಂದೆ. ಅದೇ ರುಚಿ.

ಆಮೇಲೆ ಮಗಳಿಗೆ ಫೋನು ಮಾಡಿ ಈ ಗಂಟು ಯಾರದ್ದು ಎಂದು ಕೇಳಿದೆ. ತನ್ನದೇ ಎಂದಳು. ಮುದುಕಿ ಹೋದ ಮೇಲೆ ಮರದಲ್ಲಿ ಹೂ ಕಟ್ಟಿದ್ದೂ ತಾನೇ, ಕೆಲವು ಗೊನೆ ಬೆಳೆಯಲೇ ಇಲ್ಲ ಎಂದಳು. ಹೇಗೆ ಕಟ್ಟಬೇಕು, ಈಗಲೇ ಹೇಳು ಎಂದಳು.

"ಫೋನಿನಲ್ಲಿ ಹೇಳುವ ಗಂಟಲ್ಲ ಅದು," ಎಂದೆ. "ಹೂ ಬಿಡುವ ತಿಂಗಳಿಗೆ ನನ್ನ ವೀಸಾ ಮಾಡಿಸು."