ಮರಿ ನಡೆಯುವವರೆಗಿನ ಸೂಟಿ

ಬೂಟ್ ಪಾಲಿಶಿನ ವಾಸನೆ ನಿಮಗೆ ಏನು ನೆನಪಿಸುತ್ತದೋ ಗೊತ್ತಿಲ್ಲ; ನನಗಂತೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕಳೆದ ವಾರ ಕುರಿಗಳ ಜಂತಿನ ಔಷಧಿ ತರಲು ಶಹಾಪುರಕ್ಕೆ ಹೋಗಿದ್ದೆ. ನಮ್ಮೂರು ಸಗರಕ್ಕೆ ಮರಳುವ ಬಸ್ಸಿನಲ್ಲಿ ಪಕ್ಕದಿಂದ ಆ ವಾಸನೆ ಬಂತು. ನೋಡಿದರೆ ನಮ್ಮ ಓಣಿಯ ಮಲ್ಲಪ್ಪ, ಸೈನ್ಯದಿಂದ ರಜೆಗೆ ಬಂದವನು. ತೊಡೆಯ ಮೇಲೆ ಔಷಧಿ ಬಾಟಲಿ ಇಟ್ಟುಕೊಂಡು ಎದೆಯುಬ್ಬಿಸಿ ಕುಳಿತ ನನ್ನನ್ನು ಕಂಡು ಕಂಡಕ್ಟರ್ ಏನೆಂದುಕೊಂಡನೋ.

ನಾನೂ ಒಂಬತ್ತು ವರ್ಷ ಸಿಪಾಯಿಯಾಗಿದ್ದೆ. ಕುರಿ ಕಾಯುವ ಅಪ್ಪನೊಂದಿಗೆ ಬೆಳೆದ ನನಗೆ ಕ್ಯಾಲೆಂಡರ್ ಅರ್ಥವಾದದ್ದೇ ಅಲ್ಲಿ. ನಮ್ಮ ಮನೆಯಲ್ಲಿ ಯಾವುದಕ್ಕೂ ತಾರೀಖು ಇರಲಿಲ್ಲ. ಉಣ್ಣೆ ಬೆಳೆದಾಗ ಕತ್ತರಿ, ಹುಲ್ಲು ಮುಗಿದಾಗ ಪಯಣ. ಆ ವರ್ಷ ರಜೆಗೆ ಬಂದಾಗ ಅಪ್ಪ ನಾರಾಯಣಪುರದ ಆಚೆ ಯಾರದೋ ಹೊಲದಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದ. ಅವನ ಕಾಲು ಊದಿತ್ತು. ಕುರಿಗಳು ಈಯತೊಡಗಿದ್ದವು.

“ಮರಿ ತಾಯಿ ಹಿಂದ ನಡ್ಯಾಕ ಹತ್ಲಿ, ಆಮ್ಯಾಗ ಹೋಗಂತಿ. ಸೂಟಿ ಏನ್ ಓಡಿ ಹೋಗ್ತದ?” ಎಂದ ಅಪ್ಪ.

ಒಂದು ಕುರಿಯ ಮರಿ ನಡೆಯುವಷ್ಟರಲ್ಲಿ ಇನ್ನೊಂದು ಈಯುತ್ತಿತ್ತು. ಹಾಗೆ ರಜೆ ಮುಗಿದ ಮೇಲೂ ಐವತ್ತು ದಿನ ಮೀರಿತು. ಪಲ್ಟನ್ನಿನ ಕಾಗದಗಳೆಲ್ಲ ಸಗರದ ಬೀಗ ಹಾಕಿದ ಮನೆಗೆ ಬಂದು ಬಿದ್ದಿದ್ದವು. ಅದಕ್ಕೂ ಮುಂಚೆ ಎರಡು ಸಲ ಹೀಗೇ ತಡ ಮಾಡಿದ್ದೆ, ಸುಳ್ಳೇಕೆ ಹೇಳಲಿ. ವಿಚಾರಣೆ ನಡೆಯಿತು, ನನ್ನನ್ನು ವಜಾ ಮಾಡಿ ಕಳಿಸಿದರು.

ಮರಳಿ ಸೇರಿಸಿಕೊಳ್ಳಿ ಎಂದು ಮೂರು ಅರ್ಜಿ ಬರೆದೆ. ಮೂರನೆಯದನ್ನು ಕೊಡಲು ಹೋದಾಗ ಅಪ್ಪ ಕಂಬಳಿ ಹೊದ್ದು ಜೊತೆಗೆ ಹೊರಟ. ಸೈನ್ಯದ ಕಚೇರಿಯಲ್ಲಿ ಕೈ ಮುಗಿದು, “ತಪ್ಪು ಇವಂದಲ್ರಿ ಸಾಹೇಬ್ರ, ನಂದು. ಮರಿ ನಡ್ಯೋತನಕ ಇರು ಅಂದಾವ ನಾನು” ಎಂದ. ಸಾಹೇಬರಿಗೆ ಕನ್ನಡ ಬಾರದು. ನಾನೇ ಅದನ್ನು ಹಿಂದಿಯಲ್ಲಿ ಹೇಳಬೇಕಾಯಿತು, ನಾಚಿಕೆಯಾಗಿ ಅರ್ಧವನ್ನೇ ಹೇಳಿದೆ. ಅವರು ಅಪ್ಪನಿಗೆ ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ನೌಕರಿ ಮಾತ್ರ ಕೊಡಲಿಲ್ಲ. ವಜಾ ಆದವನನ್ನು ಮತ್ತೆ ತೆಗೆದುಕೊಳ್ಳಲು ನಿಯಮವಿಲ್ಲ ಎಂದರು.

ದಾರಿಯಲ್ಲಿ ಅಪ್ಪ ಹೇಳಿದ: “ಊರಾಗ ನನ್ ಸಲುವಾಗಿ ನೀನಾಗೇ ಬಿಟ್ಟಿ ಅಂತೀನಿ. ನೀ ಬಾಯಿ ತಗೀಬ್ಯಾಡ.”

ಊರು ನಂಬಿತು. ನಾನು ಹೆತ್ತವನಿಗಾಗಿ ಮಿಲಿಟರಿ ಬಿಟ್ಟ ಮಗನಾದೆ. ಗುಟ್ಟು ಇಬ್ಬರಲ್ಲಿದ್ದಾಗ ಹಗುರವಿತ್ತು. ಅಪ್ಪ ಹೋದ ಮೇಲೆ ಒಬ್ಬನೇ ಹೊತ್ತೆ. ಟ್ರಂಕಿನಲ್ಲಿದ್ದ ಸೈನ್ಯದ ಬೂಟಿಗೆ ಮಾತ್ರ ಪ್ರತಿ ಭಾನುವಾರ ಪಾಲಿಶ್. ಕರೆದರೆ ಅಂದೇ ಹೊರಡಬೇಕಲ್ಲ! ಮೀಸೆ ನೆರೆತರೂ ಆ ಹುಚ್ಚು ಬಿಡಲಿಲ್ಲ.

ಬಸ್ಸಿನಲ್ಲಿ ಮಲ್ಲಪ್ಪ ಹೇಳುತ್ತಿದ್ದ: “ನಾಡದು ಹೋಗಬೇಕ್ರಿ ಕಾಕಾ. ಆದ್ರ ಕುರಿ ಈಯಾಕತ್ತಾವ, ಅಪ್ಪ ಒಬ್ಬನೇ ಆಗ್ಯಾನ. ನಿಮ್ಹಂಗ ನೌಕರೀನ ಬಿಡೋ ಗುಂಡಿಗಿ ನನಗಿಲ್ಲ. ಹದಿನೈದು ದಿನರ ಹೆಚ್ಚಿಗಿ ಇದ್ದು ಹೋಗ್ತೀನಿ.”

ಅಪ್ಪ ನನ್ನ ಮಾನಕ್ಕಾಗಿ ಹೇಳಿದ ಸುಳ್ಳು ಈಗ ಇವನ ಅನ್ನಕ್ಕೆ ಕುತ್ತು ತರುತ್ತಿತ್ತು.

“ನಾ ಬಿಟ್ಟು ಬಂದಾವಲ್ಲೋ ಮಲ್ಲಪ್ಪ,” ಎಂದೆ. “ತಗದು ಹಾಕ್ಯಾರ. ಹಿಂಗಽ ಮರಿ ಸಲುವಾಗಿ ಉಳದಿದ್ದೆ. ನಿಮ್ಮ ಕುರಿ ನಾ ನೋಡ್ತೀನಿ, ನೀ ನಾಡದು ಹೋಗು.”

ಮುಂದಿನ ಸೀಟಿನವರು ತಿರುಗಿ ನೋಡಿದರು. ಮಲ್ಲಪ್ಪ ಕಿಟಕಿಯ ಕಡೆ ತಿರುಗಿದ. ಇಳಿಯುವಾಗಲೂ ನನ್ನ ಮುಖ ನೋಡಲಿಲ್ಲ. ಮರುದಿನ ನಾನು ಹೋಟೆಲಿನೊಳಗೆ ಕಾಲಿಟ್ಟಾಗ ಮಾತು ನಿಂತಿತು, ಚಹಾ ಮಾತ್ರ ಬಂತು. ನೋವಾಯಿತು, ತುಂಬಾ ನೋವಾಯಿತು.

ಅದರ ಮರುದಿನ ಮೊದಲ ಬಸ್ಸಿಗೆ ಮಲ್ಲಪ್ಪ ಹೋದ. ಸ್ವಲ್ಪ ಹೊತ್ತಿಗೆ ಅವನ ಅಪ್ಪ ತನ್ನ ಕುರಿಗಳನ್ನು ನಮ್ಮ ಹಟ್ಟಿಗೆ ಹೊಡೆದುಕೊಂಡು ಬಂದು, ಕೋಲನ್ನು ನನ್ನ ಕೈಗೆ ಕೊಟ್ಟ.

ಒಳಗೆ ಹೋಗಿ ಟ್ರಂಕು ತೆಗೆದೆ. ಬೂಟು ಹಾಕಿಕೊಂಡೆ, ಬಿಗಿಯಾಗಿ ಕಾಲ್ಬೆರಳು ಕಚ್ಚಿತು. ಅಂಗಳಕ್ಕೆ ಬಂದಾಗ ಆ ಸಪ್ಪಳಕ್ಕೆ ಕುರಿಗಳು ಬೆದರಿ ತಿರುಗಿ ನೋಡಿದವು. “ಹೋಯ್” ಎಂದು ಕೂಗಿ, ಅವುಗಳ ಹಿಂದೆ ಕೆಸರಿಗೆ ಇಳಿದೆ.