ಅರ್ಥಿಂಗ್ ಗುಂಡಿಯ ಮೇಲಿನ ಕಟ್ಟೆ

ಭಾಲ್ಕಿಯ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವನು ನಾನು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ವ್ಯಾಟು. ಇಷ್ಟನ್ನು ಎಷ್ಟು ಮಕ್ಕಳ ತಲೆಗೆ ತುರುಕಿದೆನೋ! ಒಂದು ದಿನವಾದರೂ ಮೀಟರು ಹಿಡಿದು ಅಳೆದವನಲ್ಲ. ನಾಚಿಕೆಗೇಡು. ಅದನ್ನು ನನಗೆ ತೋರಿಸಿಕೊಟ್ಟವನು ಏಳನೇ ಇಯತ್ತೆಗೆ ಶಾಲೆ ಬಿಟ್ಟ ಹಲಬರ್ಗಾದ ವೈರ್‌ಮನ್ ಹಾವಗೆಪ್ಪ.

ಬೇಸಿಗೆ ಬಂತೆಂದರೆ ಅವನು ಎರಡು ಮೀಟರು, ನೂರು ವ್ಯಾಟಿನ ಒಂದು ಹಳೆ ಬಲ್ಬು, ಸೀಮೆಸುಣ್ಣ ಚೀಲಕ್ಕೆ ಹಾಕಿಕೊಂಡು ಮನೆಮನೆ ತಿರುಗುತ್ತಾನೆ. ಯಾರೂ ಕರೆದಿರುವುದಿಲ್ಲ. ಅವನಿಗೆ ಬೇಕಾದದ್ದು ಅರ್ಥಿಂಗ್ ಗುಂಡಿ, ಅಂದರೆ ಹಿತ್ತಲಲ್ಲಿ ಉಪ್ಪು, ಇದ್ದಿಲು ತುಂಬಿ ಕೊಳವೆ ಹೂತ ಜಾಗ. ಎಲ್ಲಾದರೂ ತಂತಿ ಸವೆದು ತಗಡಿಗೆ ತಾಗಿದರೆ ಕರೆಂಟು ಆ ಗುಂಡಿಯಿಂದ ನೆಲಕ್ಕಿಳಿಯಬೇಕು, ಫ್ಯೂಸು ಹಾರಬೇಕು. ನಮ್ಮ ಕೆಂಪು ನೆಲವೋ, ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಒಣಗಿದ ಗುಂಡಿ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ದಿನಾ ಒಂದು ಕೊಡ ನೀರು ಹಾಕಿರೆಂದು ಹೆಂಗಸರಿಗೆ ಹೇಳಿಕೊಟ್ಟವನೂ ಅವನೇ. ಅವರು ನೀರು ಹಾಕಿದರು. ನೀರೆರೆದ ಜಾಗವಲ್ಲವೇ, ಕುಂಕುಮವನ್ನೂ ಏರಿಸಿದರು. ಆಮೇಲೆ ಯಾರೂ ತುಳಿಯಬಾರದೆಂದು ಕೆಲವರು ಸಿಮೆಂಟು ಮೆತ್ತಿ ಕಟ್ಟೆ ಕಟ್ಟಿಸಿದರು. ಕಟ್ಟೆಗೆ ಪೂಜೆ ನಡೆಯಿತು, ಗುಂಡಿಗೆ ಹನಿ ನೀರು ಇಳಿಯಲಿಲ್ಲ.

ಅವನ ಹೆಂಡತಿ ಗುಂಡಮ್ಮ ಏಳು ವರ್ಷದ ಹಿಂದೆ ಬೋರಿನ ಮೋಟರಿನ ತಗಡಿನ ಡಬ್ಬಿ ಮುಟ್ಟಿ ಸತ್ತಳು. ವೈರ್‌ಮನ್ ಮನೆಯಲ್ಲೇ ಹೀಗೇಕಾಯಿತೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ, ಅವನೂ ಬಾಯಿ ಬಿಡಲಿಲ್ಲ.

ಈ ಏಪ್ರಿಲ್‌ನಲ್ಲಿ ಒಂದು ಮುಂಜಾನೆ ನಮ್ಮ ಬಾಗಿಲಿಗೆ ಬಂದ.

"ಮಾಸ್ತರ್ರ, ಸಾಯಗಾಂವದಾಗ ನಮ್ಮ ಸರಿತಾಗ ಮೋಟರಿನ ಡಬ್ಬಿ ಮುಟ್ಟಿದ್ರ ಕೈ ಜುಮ್ ಅಂತದಂತ್ರಿ. ನೀವೂ ಬರ್ರಿ. ಬೀಗರ ಮನಿ ಅದು, ನಾ ಒಬ್ಬವಾ ಹೇಳಿದ್ರ ಕೇಳಂಗಿಲ್ರಿ."

ಸರಿತಾ ಅವನ ಒಬ್ಬಳೇ ಮಗಳು. ಅಂಗಿ ಬದಲಿಸದೆ ಹೊರಟೆ.

ಸಾಯಗಾಂವ ಮುಟ್ಟಿದವನೇ ಮೇನ್ ಬಂದ್ ಮಾಡಿ ಡಬ್ಬಿ ಬಿಚ್ಚಿದ. ತಂತಿಯ ಮೇಲಿನ ಪದರ ಸವೆದಿತ್ತು. ಹತ್ತು ನಿಮಿಷದಲ್ಲಿ ಬೇರೆ ತಂತಿ ಹಾಕಿದ. ಸರಿತಾಳ ಅತ್ತೆ ಹೀರಾಬಾಯಿ ನಿರಾಳವಾದರು.

"ರಿಪೇರಿ ಆಯ್ತಲ್ರಿ ಅಣ್ಣಾರ. ಬರ್ರಿ, ಛಾ ಕುಡಿರಿ."

ಹಾವಗೆಪ್ಪನ ಕಣ್ಣು ಹಿತ್ತಲಿನ ಕಟ್ಟೆಯ ಮೇಲಿತ್ತು. ಫರಸಿ ಕಲ್ಲು ಹಾಸಿ, ಚೆಂಡುಹೂ ಇಟ್ಟು ಚೆನ್ನಾಗಿ ನೋಡಿಕೊಂಡಿದ್ದರು.

"ಇದು ಒಡಿಬೇಕ್ರಿ ಅಕ್ಕಾರ."

"ಅಯ್ಯ! ಮಗಳ ಮನಿಗಿ ಬಂದು ದೇವರ ಕಟ್ಟಿ ಒಡಿತೇನಿ ಅಂತೀರಲ್ರಿ!"

ಅಳಿಯ ಶಿವಕಾಂತ ನೆಲ ನೋಡುತ್ತ ನಿಂತ. ಹಾವಗೆಪ್ಪ ವಾದಿಸಲಿಲ್ಲ. ಎಲ್ಲರನ್ನೂ ದೂರ ನಿಲ್ಲಿಸಿ, ಗುಂಡಿಯ ತಂತಿಯನ್ನು ಮನೆಯಿಂದ ಬಿಡಿಸಿ, ಬಲ್ಬಿನ ಮೂಲಕ ಗುಂಡಿಗೆ ಕರೆಂಟು ಕೊಟ್ಟ. ಬೆಳ್ಳಗೆ ಉರಿಯಬೇಕಾದ ಬಲ್ಬು ಮಬ್ಬಾಗಿ ಕೆಂಪಗಾಯಿತು. ಮೀಟರು ನೋಡಿ ಗೋಡೆಯ ಮೇಲೆ ಬರೆದ: ಬಲ್ಬಿಗೆ ತೊಂಬತ್ತು ವೋಲ್ಟು, ಗುಂಡಿಗೆ ನೂರಾ ಮೂವತ್ತು, ಆಂಪಿಯರು ಪಾಯಿಂಟ್ ಇಪ್ಪತ್ತಾರು.

"ಗುಂಡಿದು ಭಾಗಿಸ್ರಿ ಮಾಸ್ತರ್ರ."

"ಐನೂರು ಓಮ್," ಅಂದೆ.

"ನೂರು ವ್ಯಾಟಿನ ಬಲ್ಬಿಗಿ ಇಪ್ಪತ್ಮೂರು ವ್ಯಾಟ್ ಸಿಕ್ಕದ, ನೋಡ್ರಿ ಅಕ್ಕಾರ. ನಾಳಿ ಮತ್ತ ತಂತಿ ಸವದು ಡಬ್ಬಿಗಿ ಪೂರಾ ಇನ್ನೂರಿಪ್ಪತ್ತು ಬಂತು ಅನ್ರಿ. ಐನೂರರಿಂದ ಭಾಗಿಸಿದ್ರ ಅರ್ಧ ಆಂಪಿಯರೂ ಆಗಂಗಿಲ್ಲ. ಫ್ಯೂಸ್ ಹಾರಾಕ ಹದಿನೈದರ ಮ್ಯಾಲ ಬೇಕು. ಫ್ಯೂಸ್ ಸುಮ್ನ ಕುಂಡ್ರತದ, ಕೈ ಇಟ್ಟಾಕಿ ಹೋಗ್ತಾಳ."

"ನಿಮ್ಮ ಹಿಸಾಬ ನನಗ ತಿಳಿಯಂಗಿಲ್ರಿ. ಪೂಜಾ ಮಾಡಿದ ಜಾಗ ಒಡದ್ರ ಮನಿಗಿ ಕೇಡು."

ಹಾವಗೆಪ್ಪ ಮೀಟರಿನ ತಂತಿ ಸುತ್ತಿಟ್ಟ. ಸರಿತಾ ಛಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನು ಅವಳ ಕಡೆ ನೋಡಲಿಲ್ಲ.

"ನಮ್ಮ ಮನ್ಯಾಗ ನಾನೂರ ನಲವತ್ತು ಇತ್ರಿ. ಗುಂಡಮ್ಮನ ಮಣ್ಣು ಮಾಡಿ ಬಂದ ಮರುದಿನ ಅಳದೇನಿ. ಅಲ್ಲೂ ಕಟ್ಟಿ ಇತ್ತು. ಚಂದ ಕಾಣ್ತದ, ಒಂದು ಕಟ್ಟಿ ಮಾಡಿಕೊಡ್ರಿ ಅಂತ ಆಕಿ ಕೇಳಿದ್ಳು. ಫರಸಿ ತಂದು, ಸಿಮೆಂಟ್ ಕಲಸಿ, ಕಟ್ಟಿದವಾ ನಾನೇ ರಿ. ಎಲ್ಲಾ ಗೊತ್ತಿದ್ದವಾ ನಾನೇ ಕಟ್ಟಿದೆ."

"ಅಪ್ಪಾ," ಅಂದಳು ಸರಿತಾ. ಅವಳಿಗೂ ಗೊತ್ತಿರಲಿಲ್ಲ. ಹಾವಗೆಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ನನಗೂ ಅಳು ತಡೆಯಲಾಗಲಿಲ್ಲ.

ಹೀರಾಬಾಯಿ ಎದ್ದರು. ಕಟ್ಟೆಗೆ ಕೈಮುಗಿದು, ಚೆಂಡುಹೂಗಳನ್ನು ಸೆರಗಿಗೆ ಹಾಕಿಕೊಂಡು ಸರಿದು ನಿಂತರು.

"ಒಡಿರಿ," ಅಂದರು.

ಶಿವಕಾಂತ ಹಾರೆ ತಂದ. ಗುಂಡಿಗೆ ಹೊಸ ಉಪ್ಪು, ಇದ್ದಿಲು ತುಂಬಿದೆವು. ಅತ್ತೆ ಸೊಸೆ ಇಬ್ಬರೂ ಸೇರಿ ಹತ್ತು ಕೊಡ ನೀರು ಹೊತ್ತರು. ಮಧ್ಯಾಹ್ನ ಹಾವಗೆಪ್ಪ ಮೀಟರನ್ನು ನನ್ನ ಕೈಗೆ ಕೊಟ್ಟ. ಬಲ್ಬು ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಗುಂಡಿಗೆ ನಾಲ್ಕು ವೋಲ್ಟು, ಪಾಯಿಂಟ್ ನಾಲ್ಕು ಆಂಪಿಯರು. ಹತ್ತು ಓಮ್. ತಂತಿ ತಾಗಿದರೆ ಇಪ್ಪತ್ತೆರಡು ಆಂಪಿಯರು, ಫ್ಯೂಸು ಹಾರಿಯೇ ಹಾರುತ್ತದೆ. ಗೋಡೆಯ ಮೇಲೆ ಹತ್ತು ಎಂದು ನಾನೇ ಬರೆದೆ.

ಹೊರಡುವಾಗ ಹೀರಾಬಾಯಿ ಹಿಂಜರಿಯುತ್ತ ಕೇಳಿದರು.

"ಔರಾದದಾಗ ನಮ್ಮ ತಂಗಿ ಮನ್ಯಾಗೂ ಕಟ್ಟಿ ಅದ ರಿ ಅಣ್ಣಾರ. ಆಕಿ ನನಕಿಂತ ಹಟಮಾರಿ. ಅಲ್ಲಿ ಬಂದು ನಿಮ್ಮ ಮನಿದು ಇದೆಲ್ಲಾ ಮತ್ತ ಹೇಳ್ತೀರೇನ್ರಿ?"

ಹಾವಗೆಪ್ಪ ಸೀಮೆಸುಣ್ಣವನ್ನು ಚೀಲಕ್ಕೆ ಹಾಕಿದ.

"ಹೇಳ್ತೇನ್ರಿ. ಎಷ್ಟು ಮನ್ಯಾಗ ಕಟ್ಟಿ ಅದಾವೋ, ಅಷ್ಟೂ ಮನ್ಯಾಗ ಹೇಳ್ತೇನಿ."